ಐದು ಮಣೆಗಳ ಬೆಳ್ಯಪ್ಪ

ಜಗಳವಾಡಿ ಗೆಳೆಯನನ್ನು ಕಳೆದುಕೊಂಡವರು ಕೊಡಗಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕಳೆದುಕೊಂಡವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕಿಕೊಂಡವರೂ ಸಿಗುತ್ತಾರೆ. ಆದರೆ ಐದು ಊಟದ ಮಣೆಗಳ ಮೇಲೆ ಹಿತ್ತಾಳೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ತಂತಿ ಎಳೆದು, ಕೊನೆಗೊಂದು ಲಾರಿ ಬ್ಯಾಟರಿ ಸಿಕ್ಕಿಸಿ, ಅದೇ ಹಳೆಯ ಗೆಳೆಯನನ್ನು ಹೊಸದಾಗಿ ತಯಾರಿಸಲು ಹೊರಟವರು? ನನಗೆ ತಿಳಿದಂತೆ ಒಬ್ಬರೇ. ಅವರು ನನ್ನ ಸೋದರಮಾವ.

ನಗು ಬಂದರೆ ನಕ್ಕುಬಿಡಿ. ನಾವೂ ನಕ್ಕಿದ್ದೆವು, ಅದೂ ಮಾವನ ಎದುರಿಗೇ. ಈಗ ಆ ಇಬ್ಬರು ಗೆಳೆಯರೂ ಇಲ್ಲ. ಆದ್ದರಿಂದ ಯಾವುದು ಮೊದಲಾಯಿತು, ಯಾವುದು ಆಮೇಲೆ ಎಂಬುದನ್ನು ತಪ್ಪಿಸದೆ ಹೇಳಲು ನೋಡುತ್ತೇನೆ. ಕ್ರಮ ತಪ್ಪಿದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತದೆ. ಬದುಕಿದ್ದಾಗ ಆದದ್ದೇ ಸಾಕು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಆ ಸೇರ್ಪಡೆ ಒಳ್ಳೆಯದೋ ಕೆಟ್ಟದ್ದೋ ಎಂದು ಭಾಗಮಂಡಲದ ಹೋಟೆಲಿನಲ್ಲಿ ಇನ್ನೂ ವಾದ ನಡೆಯುತ್ತಿತ್ತು. ಮಾವನನ್ನು ಕೇಳಿದರೆ, ಎರಡು ತಂತಿ ಸೇರಿಸಿ ಬೆಸುಗೆ ಹಾಕುವುದು ಯಾರಿಗಾದರೂ ಬರುತ್ತದೆ, ಸದ್ದು ಹೊರಡುತ್ತದೋ ಇಲ್ಲವೋ ಎಂದು ಆಮೇಲೆ ನೋಡಬೇಕು ಎನ್ನುತ್ತಿದ್ದರು. ಪಟಾಲಮ್ಮಿನಲ್ಲಿ, ಅಂದರೆ ಸೈನ್ಯದಲ್ಲಿ, ರೇಡಿಯೋ ರಿಪೇರಿ ಮಾಡುತ್ತಾ ಹವಾಲ್ದಾರರಾಗಿ ನಿವೃತ್ತರಾದ ಮನುಷ್ಯನಿಗೆ ರಾಜಕೀಯವೂ ಹಾಗೆಯೇ ಕಾಣುತ್ತದೆ! ಮನೆ ಇದ್ದದ್ದು ಭಾಗಮಂಡಲದಿಂದ ಕರಿಕೆಯ ಕಡೆಗೆ ಹೋಗುವ ದಾರಿಯಲ್ಲಿ. ಅಲ್ಲಿಯ ಶಾಲೆಗೆ ನನ್ನನ್ನು ಮಾಸ್ತರನಾಗಿ ಹಾಕಿದ್ದರು. ಮಾವ, ಅತ್ತೆ ಇಬ್ಬರೇ ಇದ್ದ ಆ ಮನೆಯಲ್ಲಿ ನಾನು ಮೂರನೆಯವನಾಗಿ ಉಳಿದೆ.

ಮನೆಯೊಳಗೆ ಮೂರನೆಯವನು, ಆದರೆ ಹಾಡಿಗೆ ನಾಲ್ಕನೆಯವನು. ಹುತ್ತರಿ ಹಬ್ಬದಲ್ಲಿ ಹೊಸ ಕದಿರು ತಂದ ಮೇಲೆ ನಾಲ್ಕು ಜನ ದುಡಿ ಹಿಡಿದು ಊರಿನ ಮನೆಮನೆಗೂ ಹೋಗಿ ಅಂಗಳದಲ್ಲಿ ಹಾಡುವ ಕ್ರಮವಿದೆ. ದುಡಿ ಎಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಎಡಗೈಯಲ್ಲಿ ಹಿಡಿದು ಬಲಗೈಯ ಕೋಲಿನಿಂದ ಬಾರಿಸುವುದು. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ತಿರುಗಿ ಹಾಡಬೇಕು. ಮೂರು ಜನರಿಗೆ ಆ ಹಾಡು ಕೂರುವುದಿಲ್ಲ, ಐದು ಜನರಿಗೆ ಅಗತ್ಯವಿಲ್ಲ. ನಮ್ಮ ಊರಿನ ನಾಲ್ವರೆಂದರೆ ಮಾವ, ಅವರ ಬಾಲ್ಯದ ಗೆಳೆಯ ಬೆಳ್ಯಪ್ಪಣ್ಣ, ಲಾರಿ ಓಡಿಸುವ ಕುಶಾಲ, ಮತ್ತು ಬೇರೆ ಯಾರೂ ಸಿಗದ ಕಾರಣಕ್ಕೆ ನಾನು.

ಮಾವ ಮತ್ತು ಬೆಳ್ಯಪ್ಪಣ್ಣ ಒಬ್ಬರನ್ನೊಬ್ಬರು 'ಭಾವ' ಎನ್ನುತ್ತಿದ್ದರು. ಗದ್ದೆಯ ಆಚೆ ಒಂದು ಮನೆ, ಈಚೆ ಒಂದು ಮನೆ. ಬೆಳಗಿನ ಕಾಫಿ ಯಾರ ಮನೆಯಲ್ಲಿ ಕುಡಿದರು ಎಂಬುದು ಅವರವರ ಹೆಂಡತಿಯರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ.

ಒಂದು ವರ್ಷ ಹುತ್ತರಿಯ ದಿನ ಯಾರದೋ ಅಂಗಳದಲ್ಲಿ ಹಾಡು ಅರ್ಧಕ್ಕೆ ಬಂದಾಗ ಮಾವ ತಮ್ಮ ದುಡಿಯನ್ನು ಕೆಳಗಿಳಿಸಿದರು. ನಾವೂ ನಿಂತೆವು. ಮಾವ ಎಲ್ಲರ ಎದುರಿಗೆ ಬೆಳ್ಯಪ್ಪಣ್ಣನ ಕಡೆ ತಿರುಗಿ, ಪ್ರತಿ ಸುತ್ತಿನ ಮೂರನೆಯ ಪೆಟ್ಟು ತಡವಾಗುತ್ತಿದೆ, ಎರಡು ಮೂರು ವರ್ಷಗಳಿಂದ ಸಹಿಸಿಕೊಂಡು ಬಂದಿದ್ದೇನೆ, ಈ ಸಲ ಮಿತಿ ಮೀರಿತು, ಹೀಗೆ ಬಾರಿಸುವುದಾದರೆ ದುಡಿಯನ್ನು ಮಕ್ಕಳಿಗೆ ಆಡಲು ಕೊಡು ಎಂದರು. ಬೆಳ್ಯಪ್ಪಣ್ಣ ತಡ ಮಾಡಲಿಲ್ಲವೆಂದು ವಾದಿಸಿದರು. ಅವರ ಮುಖದಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿ ಕಂಡಿತ್ತು, ಅದನ್ನು ನಾನು ನೋಡಿದ್ದೇನೆ. ಆಮೇಲೆ ದುಡಿಯನ್ನು ಅಂಗಳದ ಕಟ್ಟೆಯ ಮೇಲಿಟ್ಟು ಮನೆಗೆ ಹೋದರು.

ಇದು ಜಗಳವೇ? ನಮ್ಮ ಕಡೆ ಇದನ್ನು ಜಗಳ ಎನ್ನುವುದಿಲ್ಲ, ಬಾಯಿಗೆ ಬಂದದ್ದು ಎನ್ನುತ್ತಾರೆ. ಎರಡು ದಿನದಲ್ಲಿ ಸರಿಹೋಗುತ್ತದೆಂದು ಅತ್ತೆ ಹೇಳಿದರು. ಹೋಗಲಿಲ್ಲ. ಬೇಸಿಗೆಯಲ್ಲಿ ಒಂದು ಮದುವೆ ಬಂತು. ಅಲ್ಲಿ ಬೆಳ್ಯಪ್ಪಣ್ಣ ಶಾಲು ಹೊದ್ದು, ಜನರ ನಡುವಿನಿಂದ ನೇರವಾಗಿ ಮಾವನ ಎದುರಿಗೆ ಬಂದು ನಿಂತು, ವೀಳ್ಯದೆಲೆ ಅಡಿಕೆ ಚಾಚಿದರು. ಎಡಗೈಯಲ್ಲಿ!

ಎಡಗೈಯಲ್ಲಿ ವೀಳ್ಯ ಕೊಡುವುದೆಂದರೆ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕೆ? ಅದಕ್ಕಿಂತ ಕೆನ್ನೆಗೆ ಹೊಡೆಯುವುದು ಮರ್ಯಾದೆ. ಸುತ್ತ ಇದ್ದವರೆಲ್ಲ ಮಾತು ನಿಲ್ಲಿಸಿ ಆ ಎಡಗೈಯನ್ನೇ ನೋಡಿದರು. ಮಾವ ಎಲೆ ಮುಟ್ಟಲಿಲ್ಲ. ಬೆಳ್ಯಪ್ಪಣ್ಣ ಸ್ವಲ್ಪ ಹೊತ್ತು ಹಾಗೆಯೇ ಕೈ ಚಾಚಿ ನಿಂತಿದ್ದು, ಎಲೆಯನ್ನು ಅಲ್ಲೇ ತಟ್ಟೆಗೆ ಹಾಕಿ ಹೊರಟುಹೋದರು. ಊರಿಗೆ ಊರೇ ಮಾವನ ಪಕ್ಷ ವಹಿಸಿತು. ಬೆಳ್ಯಪ್ಪಣ್ಣ ಸಂತೆಗೆ ಬರುವುದನ್ನು ಬಿಟ್ಟಾಗ, ಬೇಟೆಗೆ ಹೋಗುವ ಕೋವಿಯನ್ನು ತಮ್ಮನಿಗೆ ಕೊಟ್ಟಾಗ, ಊರಿನವರು ಅದನ್ನೂ ಅಹಂಕಾರದ ಖಾತೆಗೇ ಬರೆದರು.

ಆ ವರ್ಷದ ಹುತ್ತರಿಗೆ ನಮ್ಮ ಊರಿನ ಯಾವ ಅಂಗಳದಲ್ಲೂ ಹಾಡು ಆಗಲಿಲ್ಲ. ಬೇರೆಯವನನ್ನು ನಾಲ್ಕನೆಯವನಾಗಿ ಸೇರಿಸೋಣ ಎಂದು ಹೇಳಿದವರಿಗೆ ಮಾವ, ಅವನ ಪೆಟ್ಟು ಇಲ್ಲದೆ ನನ್ನ ಕೈ ಏಳುವುದಿಲ್ಲ ಎಂದರು. ಹಾಗಾದರೆ ಅವನನ್ನೇ ಕರೆಯಿರಿ ಎಂದರೆ, ಎಡಗೈಯಲ್ಲಿ ಎಲೆ ಕೊಟ್ಟವನನ್ನೇ ಎಂದು ಕೇಳಿದರು. ಹಬ್ಬದ ದಿನ ಅವರು ಊಟದ ಎಲೆಯ ಮುಂದೆ ಕುಳಿತು, ಅನ್ನವನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗೆ ಸರಿಸಿ ಎದ್ದರು. ಅವರು ತಾವು ಕುಳಿತಿದ್ದ ಮಣೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದನ್ನು ನಾನು ಕಂಡೆ. ಬೇಸರದಿಂದ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲ! ಅವರು ಹಲಗೆಯ ಗುಣ ಪರೀಕ್ಷಿಸುತ್ತಿದ್ದರು.

ಹಳೆಯ ಹಲಸಿನ ಮರ, ಚೆನ್ನಾಗಿ ಒಣಗಿದೆ, ಕರೆಂಟು ಸೋರುವುದಿಲ್ಲ ಎಂದು ಮಾರನೆಯ ದಿನ ಹೇಳಿದರು. ಅತ್ತೆಗೆ ಅರ್ಥವಾಗುವ ಮೊದಲೇ ಮಣೆಯ ಮೇಲೆ ಸಾಲಾಗಿ ಮೊಳೆಗಳು ಎದ್ದಿದ್ದವು. ಮಡಿಕೇರಿಯ ರಿಪೇರಿ ಅಂಗಡಿಯಿಂದ ಕೆಟ್ಟ ರೇಡಿಯೋಗಳ ಒಡಲು ಬಸ್ಸಿನಲ್ಲಿ ಬಂತು. ಊರಿಗೆ ವಿದ್ಯುತ್ತು ಇರಲಿಲ್ಲ. ಬೆಸುಗೆಯ ಕೋಲನ್ನು ಅತ್ತೆಯ ಒಲೆಯ ಕೆಂಡದಲ್ಲೇ ಕಾಯಿಸಬೇಕು. ಬೆಸುಗೆ ಹಿಡಿಯಲು ಧೂಪದ ರಾಳವನ್ನೇ ಸವರುತ್ತಿದ್ದರು. ಹೀಗಾಗಿ ಮನೆಯಲ್ಲಿ ದಿನವಿಡೀ ಪೂಜೆಯ ಪರಿಮಳ! ಒಂದು ದಿನ ದಾರಿಯಲ್ಲಿ ಹೋಗುತ್ತಿದ್ದ ಭಟ್ಟರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಗಳಾರತಿ ಮುಗಿಯಿತೇ ಎಂದು ಕೇಳಿದರು. ಮಾವ ತಲೆ ಎತ್ತದೆ, ಇನ್ನೂ ಜೀವ ಬಂದಿಲ್ಲ, ಕೂತಿರಿ ಎಂದರು. ಭಟ್ಟರು ಕೂರಲಿಲ್ಲ.

ಒಂದೊಂದು ಮಣೆಗೂ ಒಂದೊಂದು ಕೆಲಸ. ಮೊದಲನೆಯದು ತಾಳದ ಮಣೆ: ಮಣ್ಣಿನ ಬುಟ್ಟಿಯನ್ನು ಆಳುಗಳು ಕೈಯಿಂದ ಕೈಗೆ ದಾಟಿಸುವ ಹಾಗೆ ಅಲ್ಲಿನ ಟ್ರಾನ್ಸಿಸ್ಟರುಗಳು ಪೆಟ್ಟನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಿದ್ದವು. ಎರಡನೆಯದು 'ದುಂ' ಎನ್ನುವ ಮಣೆ. ಮೂರನೆಯದು ಕೋಲು ಚರ್ಮಕ್ಕೆ ತಾಗುವಾಗಿನ 'ಸರ್' ಎಂಬ ಸದ್ದಿಗೆ. ಅದಕ್ಕೆ ಮಾವ ಬಳಸಿದ್ದು, ಸುಮ್ಮನೆ ಸರಗುಟ್ಟುತ್ತದೆ ಎಂದು ರೇಡಿಯೋದಿಂದ ಕಿತ್ತೆಸೆದಿದ್ದ ಒಂದು ಕೆಟ್ಟ ಟ್ರಾನ್ಸಿಸ್ಟರು. ಕೆಟ್ಟದ್ದಕ್ಕೂ ಕೆಲಸ ಕೊಡುವುದು ಪಟಾಲಮ್ಮಿನ ಪದ್ಧತಿಯಂತೆ. ಇನ್ನೊಂದರ ಮೇಲೆ ಸ್ಪೀಕರು ಕೂತಿತ್ತು. ಅಲ್ಲಿಗೆ ನಾಲ್ಕು. ಐದನೆಯ ಮಣೆಯ ಯೋಚನೆ ಆಗ ಮಾವನಿಗೂ ಇರಲಿಲ್ಲ.

ಮೊದಲ ಸಲ 'ದುಂ' ಮಣೆಗೆ ಬ್ಯಾಟರಿ ಕೊಟ್ಟಾಗ ಬಂದದ್ದು ದುಂ ಅಲ್ಲ, 'ಊಂ' ಎಂಬ ಮುಗಿಯದ ನರಳಾಟ. ಅತ್ತೆ ಕೈಯಲ್ಲಿದ್ದ ಸೌಟು ಬಿಟ್ಟು ಕೊಟ್ಟಿಗೆಗೆ ಓಡಿದರು. ಗಬ್ಬದ ಹಸು ಅಲ್ಲಿ ಶಾಂತವಾಗಿ ಮೆಲುಕು ಹಾಕುತ್ತಿತ್ತು. ತಿರುಗಿ ಬಂದವರಿಗೆ ಮಾವ ವಿವರಿಸಿದರು: ಸದ್ದು ಹುಟ್ಟಿಸುವುದು ಸುಲಭ, ಹುಟ್ಟಿದ ಕೂಡಲೇ ಅದು ಸಾಯಬೇಕು, ಆಗಲೇ ಅದು ಪೆಟ್ಟು; ಅದನ್ನು ಸಾಯಿಸುವುದೇ ಕಷ್ಟ.

ಅತ್ತೆ ಸೌಟು ಎತ್ತಿಕೊಂಡು, "ಜಗಳವೂ ಹಂಗೆಯೇ" ಎಂದರು.

ಮಳೆಗಾಲದ ತೇವಕ್ಕೆ ಮಣೆಗಳು ಹಾಳಾಗದಿರಲೆಂದು ಮಾವ ಅವುಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಅಲ್ಲಿ ಮೊದಲೇ ಒಣಗಿಸಲು ತೂಗುಹಾಕಿದ್ದ ಹಂದಿಮಾಂಸವಿತ್ತು. ಈ ಹೊತ್ತಿಗೆ ಮನೆಯಲ್ಲಿ ಆ ಯಂತ್ರಕ್ಕೆ ಬೆಳ್ಯಪ್ಪ ಎಂಬ ಹೆಸರೇ ನಿಂತುಬಿಟ್ಟಿತ್ತು. ಬೆಳ್ಯಪ್ಪನನ್ನು ಅಟ್ಟದಿಂದ ಇಳಿಸಿ, ಮಾಂಸ ತೆಗೆಯಬೇಕು ಎಂದು ಅತ್ತೆ ಕೂಗುವುದು, ಬೆಳ್ಯಪ್ಪನಿಗೆ ಹೊಗೆ ಸಾಲದು ಎಂದು ಮಾವ ಉತ್ತರಿಸುವುದು ಅಡುಗೆಮನೆಯ ನಿತ್ಯದ ಮಾತಾಯಿತು. ಕೇಳಿದವರು ಬೆಚ್ಚಿಬೀಳುತ್ತಿದ್ದರು.

ಮನೆಯಲ್ಲಿ ಮಣೆಗಳೇ ಉಳಿಯದೆ ನಾವೆಲ್ಲ ನೆಲದ ಮೇಲೆ ಕುಳಿತು ಉಣ್ಣುವ ಅಭ್ಯಾಸ ಮಾಡಿಕೊಂಡೆವು. ಹುದಿಕೇರಿಯಿಂದ ಬಂದ ಅತ್ತೆಯ ಅಣ್ಣನಿಗೆ ಆ ಅಭ್ಯಾಸವಿರಲಿಲ್ಲ. ಅಡುಗೆಮನೆಯ ಅರೆಗತ್ತಲೆಯಲ್ಲಿ ಗೋಡೆಗೆ ತಾಗಿಸಿಟ್ಟಿದ್ದ ಮಣೆಯನ್ನು ಕಂಡು, ಹೊಟ್ಟೆತುಂಬ ಉಣ್ಣುವ ಗಟ್ಟಿ ಮನಸ್ಸಿನಿಂದ ಕುಳಿತೇಬಿಟ್ಟರು. ಅವರು ಕೂಗಿದ್ದು ಸಹಜ. ಮಾವ ಓಡಿಬಂದು ಅವರ ಎರಡೂ ಭುಜಗಳನ್ನು ಒತ್ತಿಹಿಡಿದದ್ದು ಮಾತ್ರ ಯಾರೂ ನಿರೀಕ್ಷಿಸದ್ದು. "ಏಳ್ಬೇಡಿ, ಹಂಗೇ ಕೂತ್ಕೊಳಿ. ಎದ್ರೆ ತಂತಿ ಕಿತ್ತುಹೋದು." ಆ ಅಣ್ಣ ಆಮೇಲೆ ನಮ್ಮ ಮನೆಗೆ ಬಂದದ್ದು ನನಗೆ ನೆನಪಿಲ್ಲ.

ಕುಶಾಲ ತನ್ನ ಲಾರಿಯ ಹಳೆಯ ಬ್ಯಾಟರಿ ತಂದುಕೊಡುತ್ತಿದ್ದ. ಕೊಟ್ಟ ಹಕ್ಕಿನಿಂದ ಸಲಹೆಯನ್ನೂ ಕೊಡುತ್ತಿದ್ದ.

"ಹವಾಲ್ದಾರ್ರೆ, ಆ ಗದ್ದೆ ಏರಿ ದಾಟಿದ್ರೆ ಬೆಳ್ಯಪ್ಪಣ್ಣನ ಮನೆ. 'ಬಾ ಮಾರಾಯ' ಹೇಳಿಕೆ ಬ್ಯಾಟ್ರಿ ಎಂತಕೆ?"

"ತಪ್ಪು ಮಾಡ್ದವ ಬರೊಕು."

"ಹಂಗಾರೆ ಇಬ್ರೂ ಹೊರಡೊಕು. ಗದ್ದೆ ನಡುವಲಿ ಸಿಕ್ಕಿವಿ."

ಮಾವ ಅವನ ಕೈಗೆ ಹಳೆಯ ರೇಡಿಯೋ ಟ್ರಾನ್ಸ್‌ಫಾರ್ಮರಿನ ತಂತಿ ಕೊಟ್ಟು, ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ, ಬ್ಯಾಟರಿ ತಾಗಿಸಿದರು. ಮರುಕ್ಷಣ ಕುಶಾಲ ಹಾರಿ ಬಾಗಿಲ ಹತ್ತಿರ ನಿಂತಿದ್ದ. ಆಮೇಲೆ ಸಲಹೆ ಕಡಿಮೆಯಾಯಿತು.

ನಾಲ್ಕು ಮಣೆಗಳೂ ಸರಿಯಾದ ದಿನ ನಾವು ಮೂವರು ದುಡಿ ಹಿಡಿದು ಕುಳಿತೆವು. ಯಂತ್ರ ಒಂದು ಕೂದಲೆಳೆಯೂ ತಪ್ಪದೆ ಬಾರಿಸಿತು. ನನಗೂ ಕುಶಾಲನಿಗೂ ಆಶ್ಚರ್ಯ, ಸಂತೋಷ. ಮಾವ ನಾಲ್ಕು ಸುತ್ತು ಕೇಳಿ ದುಡಿ ಕೆಳಗಿಟ್ಟರು. ಇದು ಬೆಳ್ಯಪ್ಪ ಅಲ್ಲ ಎಂದರು. ತಾಳ ಸರಿಯಾಗಿದೆಯಲ್ಲ ಎಂದು ನಾನು ಕೇಳಿದೆ. ಅದೇ ತಪ್ಪು ಎಂದರು.

ಹೀಗೆ ಐದನೆಯ ಮಣೆ ಹುಟ್ಟಿತು. ಅದರ ಕೆಲಸ ಏನು ಗೊತ್ತೇ? ಮೂರನೆಯ ಪೆಟ್ಟನ್ನು ತಡ ಮಾಡುವುದು! ಯಾವ ತಪ್ಪಿಗಾಗಿ ಗೆಳೆಯನನ್ನು ಹತ್ತು ಜನರ ಎದುರು ಜರೆದು ಕಳಿಸಿದ್ದರೋ, ಅದೇ ತಪ್ಪನ್ನು ತಮ್ಮ ವಿದ್ಯೆಯನ್ನೆಲ್ಲ ಸುರಿದು ಈಗ ತಯಾರಿಸಲು ಕುಳಿತರು. ಮೂರನೆಯ ಪೆಟ್ಟು ಬರುವ ದಾರಿಯಲ್ಲಿ ಒಂದು ಕಂಡೆನ್ಸರು. ಕೊಡ ತುಂಬಿದ ಮೇಲೆಯೇ ನೀರು ತುಳುಕುವ ಹಾಗೆ, ಅದು ತುಂಬುವವರೆಗೆ ಪೆಟ್ಟು ಕಾಯಬೇಕು. ಎಷ್ಟು ಕಾಯಬೇಕೆಂಬುದಕ್ಕೆ ಒಂದು ತಿರುಗಣೆ ಗುಂಡಿ. ಆ ಗುಂಡಿಯ ಮುಂದೆ ಮಾವ ಉಳಿದ ಮಳೆಗಾಲವನ್ನೆಲ್ಲ ಕಳೆದರು. ಕಣ್ಣು ಮುಚ್ಚಿ ಕೇಳುವರು, ಉಗುರಿನಷ್ಟು ತಿರುಗಿಸುವರು, ಇಷ್ಟಲ್ಲ ಎನ್ನುವರು, ಮತ್ತೆ ಕಣ್ಣು ಮುಚ್ಚುವರು. ಪಕ್ಕದಲ್ಲಿ ಕುಳಿತವರಿಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು. ಒಂದು ಸಂಜೆ ಮಾತ್ರ ಗುಂಡಿಯಿಂದ ಕೈ ತೆಗೆದು ಸುಮ್ಮನೆ ಕುಳಿತುಬಿಟ್ಟರು. ಅತ್ತೆ ಕಾಫಿ ತಂದವರು ಬಾಗಿಲಲ್ಲೇ ನಿಂತರು. ಬೆಳ್ಯಪ್ಪಣ್ಣನೇ ಬಂದು ಕುಳಿತಿದ್ದಾರೆ ಎಂದು ಭಾವಿಸಿ ಇನ್ನೊಂದು ಲೋಟ ತರಲು ತಿರುಗಿದ್ದೆ ಎಂದು ಆಮೇಲೆ ನನಗೆ ಹೇಳಿದರು.

ಹುತ್ತರಿ ಬಂತು. ಮಣೆಗಳನ್ನು ಮನೆಯಿಂದ ಮನೆಗೆ ಸಾಗಿಸುವುದು ಹೇಗೆ? ಕಾಫಿ ಕೊಯ್ಯುವ ಬುಟ್ಟಿಯಲ್ಲಿಟ್ಟರೆ ತಂತಿ ಮುರಿಯುತ್ತದೆ. ಕೊನೆಗೆ ಮರ ಹತ್ತುವ ಬಿದಿರೇಣಿಯ ಮೇಲೆ ಐದನ್ನೂ ಸಾಲಾಗಿ ಮಲಗಿಸಿ, ಬಟ್ಟೆ ಹೊದಿಸಿ, ನಾನೂ ಕುಶಾಲನೂ ಹೆಗಲು ಕೊಟ್ಟೆವು. ಮಾವ ಬ್ಯಾಟರಿ ಹೊತ್ತು ಮುಂದೆ ನಡೆದರು. ದಾರಿಯಲ್ಲಿ ಸಿಕ್ಕ ಮುದುಕಿ ಬದಿಗೆ ಸರಿದು ಕೈ ಮುಗಿದು, ಹಬ್ಬದ ದಿನವೇ ಹೋದವರು ಯಾರು ಎಂದು ಕೇಳಿದಳು.

ಕುಶಾಲ, "ಬೆಳ್ಯಪ್ಪಣ್ಣ" ಎಂದ.

ಮಾವ ತಿರುಗಿ ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದ. ಆ ದಿನ ಅವನು ಆಡಿದ ಕೊನೆಯ ತಮಾಷೆ ಅದು.

ಮೊದಲ ಮನೆಗಳಲ್ಲಿ ನಮಗೆ ಸಿಕ್ಕ ಸ್ವಾಗತವನ್ನು ಏನೆಂದು ಹೇಳಲಿ! ಹಾಡು ಕೇಳಲು ಬಂದವರು ಹಾಡು ಬಿಟ್ಟು ಮಣೆ ನೋಡಿದರು. ಬಿಸಿಲು ಬಿದ್ದರೆ ಟ್ರಾನ್ಸಿಸ್ಟರು ಬಿಸಿಯಾಗಿ ತಾಳ ಓಡುತ್ತಿತ್ತು. ಅದರ ಹಿಂದೆ ನಾವೂ ಓಡಬೇಕು. ಒಂದು ಅಂಗಳದಲ್ಲಿ ಹಾಡು ನಾಯಿ ಅಟ್ಟಿಸಿದವನ ಹಾಗೆ ಓಡಿ ಮುಗಿಯಿತು. ಮುಂದಿನ ಮನೆಯಲ್ಲಿ ಮನೆಯಾಕೆಯೇ ಕೊಡೆ ಬಿಚ್ಚಿ ಮಣೆಗಳ ಮೇಲೆ ಹಿಡಿದು ನಿಂತಳು. ಕೊಡೆಯ ನೆರಳಿನಲ್ಲಿ ಬೆಳ್ಯಪ್ಪ ಮದುಮಗನಂತೆ ಗಂಭೀರವಾಗಿ ಬಾರಿಸಿದ.

ಹೀಗೆ ಬರುತ್ತಾ ಬರುತ್ತಾ ಗದ್ದೆಯ ಆಚೆಯ ಮನೆ ಬಂತು. ಹುತ್ತರಿಯ ಹಾಡು ಒಂದು ಮನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಟ್ಟರೆ, ಆ ಮನೆ ಊರಿನಲ್ಲಿ ಇಲ್ಲ ಎಂದು ಸಾರಿದ ಹಾಗೆ. ಮಾವ ಮೆಟ್ಟಿಲ ಬುಡದಲ್ಲಿ ನಿಂತರು. ಬ್ಯಾಟರಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಮನೆ ಬಿಟ್ಟು ಹೋಕೆ ಆಗುಲೆ" ಎಂದು, ನಮಗೋ ತಮಗೋ ಹೇಳಿಕೊಂಡು ಮೇಲೆ ಹತ್ತಿದರು.

ಬೆಳ್ಯಪ್ಪಣ್ಣನ ಹೆಂಡತಿ ದೀಪ ತಂದಿಟ್ಟಳು. ಯಾರನ್ನೂ ನೋಡಲಿಲ್ಲ. ಬೆಳ್ಯಪ್ಪಣ್ಣ ಜಗಲಿಯ ಬೆಂಚಿನ ಮೇಲೆ ಶಾಲು ಹೊದ್ದು ಕುಳಿತಿದ್ದರು. ತುಂಬ ಬಡವಾಗಿದ್ದರು. ನಾವು ಮಣೆಗಳನ್ನು ಇಳಿಸಿ ಜೋಡಿಸಿದೆವು. ಹಾಡು ಶುರುವಾಯಿತು.

ಮೊದಲ ಸುತ್ತಿಗೆ ಬೆಳ್ಯಪ್ಪಣ್ಣ ಮಾವನ ಮುಖ ನೋಡುತ್ತಿದ್ದರು. ಎರಡನೆಯ ಸುತ್ತಿಗೆ ಅವರ ಕಣ್ಣು ಮಣೆಗಳ ಕಡೆ ಇಳಿಯಿತು. ಮೂರನೆಯ ಪೆಟ್ಟು ಬಂದಾಗಲೆಲ್ಲ ಅವರ ಹುಬ್ಬು ಸ್ವಲ್ಪ ಏಳುತ್ತಿತ್ತು. ಮನೆಯ ಯಜಮಾನ ಹುತ್ತರಿಯ ಹಾಡನ್ನು ನಡುವೆ ನಿಲ್ಲಿಸುವ ಕ್ರಮವಿಲ್ಲ. ಅವರು ಎಡಗೈ ಎತ್ತಿ ನಿಲ್ಲಿಸಿದರು. ನಾವು ನಿಂತೆವು. ಯಂತ್ರ ನಿಲ್ಲಲಿಲ್ಲ. ಹಾಡಿಲ್ಲದ ಅಂಗಳದಲ್ಲಿ ಅದೊಂದೇ ಬಾರಿಸುತ್ತಿತ್ತು, ಮೂರನೆಯದನ್ನು ತಡ ಮಾಡಿ ಮಾಡಿ.

"ನನ್ನ ಕೈ ಆಗಲೇ ಇಷ್ಟು ತಡ ಆಗ್ತಿತ್ತಾ?" ಎಂದು ಬೆಳ್ಯಪ್ಪಣ್ಣ ಕೇಳಿದರು.

"ಇಷ್ಟೇ ಇತ್ತ್" ಎಂದರು ಮಾವ. "ಕೂದಲೆಳೆ ಹೆಚ್ಚಿಲ್ಲೆ, ಕಮ್ಮಿ ಇಲ್ಲೆ."

ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಅದನ್ನು ಹೇಳದೆ ಬಿಟ್ಟರೆ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದಂತಾಗುವುದಿಲ್ಲ. ಕೆಲಸ ಚೆನ್ನಾಗಿ ಆಗಿದೆ ಎಂದು ಸ್ವತಃ ಬೆಳ್ಯಪ್ಪಣ್ಣನೇ ಒಪ್ಪಿದ ಹೆಮ್ಮೆ.

ಬೆಳ್ಯಪ್ಪಣ್ಣ ಎಡಗೈಯಿಂದ ಶಾಲನ್ನು ಸರಿಸಿ, ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಎತ್ತಿ ಎಂದೇ ಹೇಳಬೇಕು, ಏಕೆಂದರೆ ಅದು ತಾನಾಗಿ ಬರಲಿಲ್ಲ. ಬೆರಳುಗಳು ಮಡಚಿಕೊಂಡಿದ್ದವು. ಮಣಿಕಟ್ಟು ಮಕ್ಕಳದ್ದರಂತೆ ಸಣ್ಣಗಾಗಿತ್ತು. ಕೈ ನಡುಗುತ್ತಿತ್ತು.

ಮಡಿಕೇರಿಯ ಡಾಕ್ಟರು ನರದ ಕಾಯಿಲೆ ಎಂದರಂತೆ. ಗುಣವಾಗುವುದಲ್ಲ, ಏರುವುದು ಎಂದರಂತೆ. ಇಷ್ಟನ್ನು ಅವರ ಹೆಂಡತಿ ನೆಲ ನೋಡಿಕೊಂಡು ಹೇಳಿದಳು. ಯಾರಿಗೂ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡಿದ್ದರಂತೆ.

"ಯಾವಾಗ ಶುರು ಆತ್ ಅಂತ ಡಾಕ್ಟ್ರು ಕೇಳ್ದೊ. ನಂಗೆ ಹೇಳಿಕೆ ಗೊತ್ತಾತ್ಲೆ" ಎಂದರು ಬೆಳ್ಯಪ್ಪಣ್ಣ. "ನಿನ್ನ ಕಿವಿಗೆ ಗೊತ್ತಿತ್ತ್."

ಮಾವ ಆ ಬಲಗೈಯಿಂದ ಎಡಗೈಯ ಕಡೆಗೆ ಕಣ್ಣು ಹೊರಳಿಸಿದರು.

"ಮದುವೆ ದಿನ…"

"ಬಲಗೈಲಿ ಹಿಡಿದ್ರೆ ಎಲೆ ಉದುರ್ತಿತ್ತ್, ಭಾವ. ಹಂಗೂ ಕೊಟ್ಟು ಹೋಕು ಅಂತ ಬಂದೆ."

ಆ ಮದುವೆಯಲ್ಲಿ ನೂರು ಜನ ಇದ್ದೆವು. ಎಲ್ಲರೂ ಎಡಗೈ ನೋಡಿದೆವು. ಬಲಗೈ ಎಲ್ಲಿದೆ ಎಂದು ಒಬ್ಬರೂ ನೋಡಲಿಲ್ಲ. ಒಬ್ಬ ಮನುಷ್ಯ ತನಗೆ ಉಳಿದಿದ್ದ ಒಂದೇ ಕೈಯಲ್ಲಿ ಸಂಧಾನಕ್ಕೆ ಬಂದಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಆ ತಟ್ಟೆ ಕಣ್ಣಿಗೆ ಕಟ್ಟುತ್ತದೆ, ಅದರಲ್ಲಿ ಯಾರೂ ಮುಟ್ಟದ ಒಂದು ಎಲೆ.

ಯಂತ್ರ ಇನ್ನೂ ಬಾರಿಸುತ್ತಲೇ ಇತ್ತು. ಮಾವ ಅದನ್ನು ನಿಲ್ಲಿಸಲು ಬಗ್ಗಿದರು. ಬೆಳ್ಯಪ್ಪಣ್ಣ ಬೇಡವೆಂದರು. ಜಗಳದ ಹುತ್ತರಿಗೂ ಹಿಂದಿನ ವರ್ಷ ಎಷ್ಟು ತಡವಿತ್ತು ಎಂದು ಕೇಳಿದರು.

ಮಾವ ಐದನೆಯ ಮಣೆಯ ಮುಂದೆ ಮೊಣಕಾಲೂರಿ ಕುಳಿತು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. ಪೆಟ್ಟು ಸ್ವಲ್ಪ ಬೇಗ ಬಂತು. ಅದಕ್ಕೂ ಹಿಂದೆ ಎಂದು ಬೆಳ್ಯಪ್ಪಣ್ಣ ಕೇಳಿದರು. ಮಾವ ಕಣ್ಣು ಮುಚ್ಚಿ, ಕೇಳಿಸಿಕೊಂಡು, ಮತ್ತೆ ತಿರುಗಿಸಿದರು. ಈಗ ತಡವಾಗುವುದು ನನ್ನಂಥವರ ಕಿವಿಗೆ ತಿಳಿಯುತ್ತಿರಲಿಲ್ಲ. ಅದಕ್ಕೂ ಹಿಂದೆ? ಗುಂಡಿ ಕೊನೆಗೆ ಹೋಗಿ ನಿಂತಿತು. ಪೆಟ್ಟುಗಳು ಒಂದರ ಹಿಂದೆ ಒಂದು, ಹಸಿ ಮಣ್ಣಿನಲ್ಲಿ ನೆಟ್ಟ ಹೆಜ್ಜೆಗಳ ಹಾಗೆ, ಸಮವಾಗಿ ಬೀಳತೊಡಗಿದವು.

ಬೆಳ್ಯಪ್ಪಣ್ಣ ತಲೆ ಬಗ್ಗಿಸಿ ಕೇಳಿದರು. "ಇದು ನಾನು" ಎಂದರು.

ಇನ್ನೆರಡು ಸುತ್ತು ಕೇಳಿ, "ಸಾಕ್, ಭಾವ" ಎಂದರು.

ಮಾವ ಬ್ಯಾಟರಿಯ ತಂತಿ ಕಿತ್ತರು. ಎದ್ದು ಹೋಗಿ ಬೆಂಚಿನ ಮೇಲೆ, ಬೆಳ್ಯಪ್ಪಣ್ಣನ ಬಲಗಡೆಗೆ ಕುಳಿತರು. ತಮ್ಮ ದುಡಿಯನ್ನು ಎತ್ತಿಕೊಂಡು ನಮಗೆ ಕಣ್ಣಿನಿಂದ ಸೂಚನೆ ಕೊಟ್ಟರು. ನಾನೂ ಕುಶಾಲನೂ ಹಾಡಿನ ಮೊದಲ ಸಾಲು ಹಿಡಿದೆವು. ತಿರುಗಿ ಹಾಡುವ ಜಾಗ ಬಂದಾಗ ಮಾವನ ದನಿಯ ಜೊತೆಗೆ ಇನ್ನೊಂದು ದನಿ ಎದ್ದಿತು. ಒಣಗಿತ್ತು, ಆದರೆ ಶ್ರುತಿ ಬಿಟ್ಟಿರಲಿಲ್ಲ. ನಾಲ್ಕು ಜನರ ಹಾಡಿಗೆ ನಾಲ್ಕು ಗಂಟಲೂ ಬೇಕು ಎಂಬುದನ್ನು ವರ್ಷವಿಡೀ ಮೊಳೆ ಹೊಡೆದ ಮಾವ ಆಗಲಿ, ಬ್ಯಾಟರಿ ತಂದ ಕುಶಾಲನಾಗಲಿ, ನಾನಾಗಲಿ ಯೋಚಿಸಿಯೇ ಇರಲಿಲ್ಲ.

ಒಂದನೆಯ ಪೆಟ್ಟು, ಎರಡನೆಯ ಪೆಟ್ಟು ಬಿದ್ದವು. ಮೂರನೆಯದಕ್ಕೆ ಮಾವನ ಕೋಲು ಮೇಲೆದ್ದು ಗಾಳಿಯಲ್ಲಿ ನಿಂತಿತು. ಮಾವ ಪಕ್ಕಕ್ಕೆ ನೋಡುತ್ತಿದ್ದರು. ನಾನೂ ಕುಶಾಲನೂ ಕೋಲು ತಡೆದೆವು. ಬೆಳ್ಯಪ್ಪಣ್ಣನ ಮಡಚಿದ ಬಲಗೈ ತೊಡೆಯಿಂದ ಒಂದು ಬೆರಳಿನಷ್ಟು ಎತ್ತರ ಎದ್ದಿತು, ನಡುಗಿತು, ಮೆಲ್ಲಗೆ ಬಿತ್ತು. ಆಗ ಮಾವ ಬಾರಿಸಿದರು.